ಹೊಟ್ಟೆನೋವು ಎಂದು ಬರೆಸಬೇಡಿ

"ಡಾಕ್ಟ್ರೇ, ಹೊಟ್ಟೆನೋವು ಅಂತ ಬರ್ಕೊಳ್ಳಿ. ಪೊಲೀಸ್ ಕೇಸ್ ಮಾತ್ರ ಬೇಡ." ತಾಲ್ಲೂಕು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಈ ಮಾತು ಹೊಸದಲ್ಲ. ಪಿಯುಸಿ ಓದುವ ಮಗಳು ಜೀವ ಕಳೆದುಕೊಳ್ಳಲು ಹೋಗಿ ಉಳಿದುಕೊಂಡಿದ್ದಾಳೆ. ಅಪ್ಪನಿಗೆ ಒಂದು ಕಡೆ ಮಗಳ ಚಿಂತೆ, ಇನ್ನೊಂದು ಕಡೆ ಠಾಣೆಯ ಹೆದರಿಕೆ. ಸುಳ್ಳು ಬರೆಸಿದ ಮೇಲೆ ಹೊಟ್ಟೆಗೆ ಔಷಧ ಸಿಗುತ್ತದೆ, ಮನಸ್ಸಿನ ಕಡೆ ಯಾರೂ ನೋಡುವುದಿಲ್ಲ. ಹುಡುಗಿ ಅದೇ ಮನೆಗೆ, ಅದೇ ಸಂಕಟಕ್ಕೆ ಮರಳುತ್ತಾಳೆ.

ಆ ಹೆದರಿಕೆಗೆ ಈಗ ಕಾನೂನಿನ ಆಧಾರವಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ ಸೆಕ್ಷನ್ 115 ಸ್ಪಷ್ಟವಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಬೇರೆಯದು ಸಾಬೀತಾಗದ ಹೊರತು ವಿಚಾರಣೆಗೂ ಶಿಕ್ಷೆಗೂ ಗುರಿಪಡಿಸುವಂತಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ ಕೊಡಿಸುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹೇರಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅದು ಅಪರಾಧ. ಆಸ್ಪತ್ರೆಯವರು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸಿಕೊಂಡರೂ ಗಾಬರಿಯಾಗಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳಿ.

ಇದು ಮನೆಯವರಿಗೆ ಹೇಳಿದ ಮಾತು. ಆದರೆ ಮನೆಯೊಂದೇ ಈ ಭಾರ ಹೊರಲಾರದು, ಊರಿಗೂ ಇದರಲ್ಲಿ ಕೆಲಸವಿದೆ. ಮಾನಸಿಕ ಕಾಯಿಲೆಯಿರುವ ಹುಡುಗನನ್ನು ಕೂಡಿಹಾಕಿ ಹಿಂಸಿಸುತ್ತಿದ್ದಾರೆ, ಅನ್ನ ನೀರು ಕೊಡದೆ ಬಿಟ್ಟಿದ್ದಾರೆ ಎಂದು ಗೊತ್ತಾದರೆ ಠಾಣೆಗೆ ತಿಳಿಸಬೇಕಾದದ್ದು ನೆರೆಯವರ ಕರ್ತವ್ಯ ಎನ್ನುತ್ತದೆ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಸೆಕ್ಷನ್ 101. ಠಾಣಾಧಿಕಾರಿ ಅದನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಚಿಕಿತ್ಸೆಯ ಹೆಸರಿನಲ್ಲಿ ಸರಪಳಿ ಹಾಕುವುದಕ್ಕೆ ಯಾವ ರೂಪದಲ್ಲೂ ಅವಕಾಶವಿಲ್ಲ. ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ವಿವರವನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದೂ ನಿಷಿದ್ಧ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲೂ ಅದೇ ಮರ್ಯಾದೆ ಇರಲಿ. ಒಂದು ಫೋಟೊ ಹರಿದಾಡಿದ ಮೇಲೆ ಆ ಹುಡುಗಿ ಕಾಲೇಜಿನ ಬಸ್ಸು ಹತ್ತುವುದು ಎಷ್ಟು ಕಷ್ಟ ಎಂದು ಯೋಚಿಸಿ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ತಿಳಿಯುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಜಿಲ್ಲಾ ಕ್ರೀಡಾಂಗಣಗಳಲ್ಲಿವೆ. ಅಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ಓದು, ಪ್ರೀತಿ, ಮನೆಯ ಜಗಳ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ತಮ್ಮದೇ ವಯಸ್ಸಿನವರ ಮುಂದೆ ಮಕ್ಕಳು ಬೇಗ ಬಾಯಿ ಬಿಡುತ್ತಾರೆ. ಹಾಗಾಗಿ ಈ ಯೋಜನೆಯ ಮೇಲೆ ನನಗೆ ಹೆಚ್ಚು ಭರವಸೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪೂರ್ತಿ ಉಚಿತ. ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ ಈ ಹಕ್ಕು ಹೋಗುವುದಿಲ್ಲ.

18 ತುಂಬದವರನ್ನು ಮಾನಸಿಕ ಚಿಕಿತ್ಸೆಗೆ ಒಳರೋಗಿಯಾಗಿ ಸೇರಿಸಬೇಕಾದರೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ಪೋಷಕರೋ ಅವರು ನೇಮಿಸಿದವರೋ ಜೊತೆಗಿರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಮಾಹಿತಿ ಹೋಗಬೇಕು.

ಕಾಲೇಜುಗಳ ವಿಷಯದಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಪ್ರತಿ ಪೋಷಕರ ಸಭೆಯಲ್ಲೂ ಓದಬೇಕು. ಮಾನಸಿಕ ಆರೋಗ್ಯವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದ ನ್ಯಾಯಾಲಯ 15 ಮಾರ್ಗಸೂಚಿಗಳನ್ನು ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿಯಾಗಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದನ್ನು ಸಾಧ್ಯವಾದಷ್ಟು ಬಿಡಬೇಕು. ಕೋಚಿಂಗ್ ಕೇಂದ್ರಗಳಿಗೂ ಇದು ಅನ್ವಯ. ನಿಮ್ಮ ಕಾಲೇಜಿನ ಆಪ್ತಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ ಎಂದು ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಆ ಪ್ರತಿಯೊಂದಿಗೆ ಜಿಲ್ಲಾಧಿಕಾರಿಗೆ ದೂರು ಕೊಡಿ, ಈ ಮಾರ್ಗಸೂಚಿಗಳ ಜಿಲ್ಲಾ ಮೇಲ್ವಿಚಾರಣಾ ಸಮಿತಿ ಅವರ ಅಧ್ಯಕ್ಷತೆಯದ್ದೇ. ಸರ್ಕಾರಿ ಕಾಲೇಜಾದರೆ ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಕೊಡಬೇಕು. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಈ ಮಾತೆತ್ತಿದರೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಈ ಹಕ್ಕುಗಳಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾದರೆ ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಡಿ. ಮಕ್ಕಳು, ಮಹಿಳೆಯರು, ಮಾನಸಿಕ ಕಾಯಿಲೆ ಇರುವವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯಿದೆ, ಫೋನಿನಲ್ಲಾದರೆ 15100.

ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416. ಹಗಲು ರಾತ್ರಿ, ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ಹಾಲಿನ ಡೇರಿಯ ಗೋಡೆ, ಬಸ್ ನಿಲ್ದಾಣ, ಹಾಸ್ಟೆಲಿನ ಬಾಗಿಲು, ಎಲ್ಲೆಲ್ಲಿ ನಿಮ್ಮೂರಿನ ಹುಡುಗ ಹುಡುಗಿಯರು ನಿಲ್ಲುತ್ತಾರೋ ಅಲ್ಲೆಲ್ಲ ಈ ವಾರವೇ ಈ ಸಂಖ್ಯೆ ಬರೆಸಿ.