ಊರಿನ ಸಂಸ್ಥೆ ಊರವರದಾಗುವದು ಹೇಗೆ?

ಹಳ್ಳಿಯಲ್ಲಿ ಒಂದು ಸಂಸ್ಥೆಯನ್ನು ಹುಟ್ಟಿಸುವದು ಕಠಿಣವಲ್ಲ. ಅದನ್ನು ಹಳ್ಳಿಯವರದಾಗಿ ಉಳಿಸುವದು ಕಠಿಣ. ಧಾರವಾಡದ ಎರೆನಾಡಿನಲ್ಲಿ ನಡೆದ ಎರಡು ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುವದು.

ಮೊದಲನೆಯದು ಗದಗ ತಾಲೂಕಿನ ಕಣಗಿನಹಾಳದ್ದು. ಗದಗವು ಈಗ ಬೇರೆ ಜಿಲ್ಲೆಯಾದರೂ 1997ರ ವರೆಗೆ ಧಾರವಾಡ ಜಿಲ್ಲೆಯ ಭಾಗವೇ ಆಗಿತ್ತು. ನವಲಗುಂದ, ಅಣ್ಣಿಗೇರಿಗಳಂತೆ ಅದೂ ಕಪ್ಪು ಮಣ್ಣಿನ ಸೀಮೆ. ಹತ್ತಿ, ಜೋಳ, ಕಡಲೆಗಳ ನಾಡು. ಮಳೆಯನ್ನು ನಂಬಿದ ಒಕ್ಕಲುತನದಲ್ಲಿ ಬಿತ್ತುವಾಗ ಹಣ ಬೇಕು. ಅದು ಕೈಗೆ ಮರಳುವದು ಸುಗ್ಗಿಯ ನಂತರ. ನಡುವಿನ ತಿಂಗಳುಗಳಲ್ಲಿ ರೈತನು ಸಾವುಕಾರನ ಬಾಗಿಲಿಗೆ ಹೋಗಬೇಕಾಗುತ್ತಿತ್ತು. ಮಳೆ ತಪ್ಪಿದ ವರ್ಷ ಬಡ್ಡಿ ಬೆಳೆಯುವದು, ಹೊಲ ಕೈಬಿಡುವದು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಲಪತ್ರಗಳನ್ನು ಕಸಿದು ಸುಟ್ಟದ್ದು ಇಂಥ ಬೇಗೆಯಿಂದಲೇ.

1904ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ತಂದಿತು. ಜರ್ಮನಿಯಲ್ಲಿ ರೈಫೈಸನ್ನನು ಹಳ್ಳಿಗರಿಗಾಗಿ ಕಟ್ಟಿದ ಪತ್ತಿನ ಸಂಘಗಳೇ ಇದಕ್ಕೆ ಮಾದರಿ. ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಸಂಘವು ಹುಟ್ಟಿತು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದು ಪ್ರಸಿದ್ಧವಾಗಿದೆ.

ಅದು ಮೊದಲನೆಯದೆಂಬ ಹೆಮ್ಮೆಗಿಂತ ಅಂಥ ಸಂಘದ ಕಟ್ಟಳೆಗಳು ಅಭ್ಯಾಸಯೋಗ್ಯವಾಗಿವೆ. ಕನಿಷ್ಠ ಹತ್ತು ಜನ ಕೂಡಿದರೆ ಸಂಘವಾಗುತ್ತಿತ್ತು. ಗ್ರಾಮ ಸಂಘದ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಒಕ್ಕಲಿಗರೇ ಇರಬೇಕಾಗಿತ್ತು. ಲಾಭವನ್ನು ಹಂಚಿಕೊಳ್ಳದೆ ಕಾಯ್ದಿಟ್ಟ ನಿಧಿಗೆ ಸೇರಿಸಬೇಕಾಗಿತ್ತು. ಎಲ್ಲಕ್ಕೂ ಮಿಗಿಲಾಗಿ, ಹೊಣೆಗೆ ಮಿತಿಯಿರಲಿಲ್ಲ. ಸಂಘದ ಸಾಲ ತೀರದಿದ್ದರೆ ಪ್ರತಿಯೊಬ್ಬ ಸದಸ್ಯನೂ ಅದಕ್ಕೆ ಬಾಧ್ಯನಾಗಿದ್ದನು. ಈ ಕಟ್ಟಳೆ ಕಠೋರವೆನಿಸಬಹುದು. ಆದರೆ ನೆರೆಯವನ ಸಾಲಕ್ಕೆ ತಾನೂ ಹೊಣೆಯೆಂದಾಗ ಅವನು ಹಣವನ್ನು ಎತ್ತಿಗೆ ಹಾಕಿದನೋ ಮದುವೆಗೆ ಹಾಕಿದನೋ ಎಂದು ಕೇಳುವ ಅಧಿಕಾರವೂ ಬರುವದು. ಪತ್ತು ಎಂದರೆ ನಂಬಿಕೆ; ಆ ನಂಬಿಕೆಯನ್ನು ಅಳೆಯುವವರು ಊರವರೇ.

ಎರಡನೆಯ ಸಂಗತಿಯು ನೀರಿನದು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ, ಅದರ ಕಾಲುವೆಗಳು ನವಲಗುಂದ, ನರಗುಂದಗಳ ಎರೆಹೊಲಗಳಿಗೆ ಬಂದವು. ಕಣಗಿನಹಾಳದ ಸಂಘಕ್ಕಿಂತ ಇದು ಎಷ್ಟೋ ದೊಡ್ಡ ಕಾರ್ಯ. ಆದರೆ ಕಾಲುವೆ ಎಲ್ಲಿ ಹಾಯಬೇಕು, ನೀರು ಯಾವಾಗ ಬರಬೇಕು, ಕರವೆಷ್ಟು ಎಂಬ ನಿರ್ಣಯಗಳಲ್ಲಿ ರೈತನ ಮಾತಿಗೆ ಎಡೆಯಿರಲಿಲ್ಲ. ನೀರಾವರಿಯ ಹೆಸರಿನಲ್ಲಿ ವಿಧಿಸಿದ ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ಎದ್ದರು. 1980ರ ಜುಲೈ 21ರಂದು ಚಳವಳಿಯು ಗೋಲೀಬಾರಿಗೆ ತಿರುಗಿ ಪ್ರಾಣಹಾನಿಯಾಯಿತು. ಅಲ್ಲಿಂದ ಎದ್ದ ಅಲೆಯು ನಾಡಿನ ರೈತ ಚಳವಳಿಗೆ ಬಲ ಕೊಟ್ಟಿತು.

ಒಂದೆಡೆ ಹೊಣೆಯೊಡನೆ ಅಧಿಕಾರವೂ ಇತ್ತು. ಇನ್ನೊಂದೆಡೆ ಹೊಣೆ ಮಾತ್ರ ಇತ್ತು. ವ್ಯತ್ಯಾಸವಿರುವದು ಇಲ್ಲಿಯೇ. ಈ ಪಾಠವು ಮುಂದೆ ಕಾಯದೆಗೂ ಬಂದಿತು. 2000ದಲ್ಲಿ ಕರ್ನಾಟಕ ನೀರಾವರಿ ಕಾಯದೆಗೆ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ನೀರು ಹಂಚುವ, ಕರ ಕೂಡಿಸುವ ಕೆಲಸಗಳಲ್ಲಿ ಪಾಲು ದೊರೆಯಿತು.

ಆದರೆ ಕಾಯದೆಯು ಬಾಗಿಲನ್ನು ತೆರೆಯಬಲ್ಲದು; ಒಳಗೆ ಹೋಗಬೇಕಾದವರು ಊರವರು. ವಾರ್ಷಿಕ ಸಭೆಗೆ ಜನರು ಬಾರದೆ, ಜಮಾಖರ್ಚನ್ನು ಯಾರೂ ಓದದೆ ಹೋದರೆ ಸಂಘವು ನಾಲ್ಕು ಜನರ ಪಾಲಾಗುವದು. ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ನಮ್ಮಲ್ಲಿ ಅನೇಕರಿದ್ದಾರೆ. ರಜೆಗೆ ಊರಿಗೆ ಹೋದಾಗ ಸಂಘದ ಕಳೆದ ವರ್ಷದ ತಃಖ್ತೆಯನ್ನು ತರಿಸಿ, ಅಕ್ಷರ ಬಾರದ ಹಿರಿಯರಿಗೆ ಕಟ್ಟೆಯ ಮೇಲೆ ಓದಿ ಹೇಳಬಹುದು. ಸಾಲ ಯಾರಿಗೆ ಹೋಯಿತು, ಎಷ್ಟು ತಿರುಗಿ ಬಂತು, ಸಭೆ ಎಂದು ಕೂಡಿತು ಎಂಬ ಮೂರು ಪ್ರಶ್ನೆಗಳನ್ನು ಅವರು ಕೇಳಲು ತೊಡಗಿದರೆ, ಸಂಘವು ಅವರದಾಗತೊಡಗಿತೆಂದೇ ತಿಳಿಯಬೇಕು.