ಕೆಳಗೆ ಅಂಗಡಿ, ಮೇಲೆ ಮನೆ: ಪುಣೆಯ ವಾಡೆಯನ್ನು ಓದುವ ಬಗೆ

ವಾಡೆ ಎಂದೊಡನೆ ನಮ್ಮ ಉತ್ತರ ಕರ್ನಾಟಕದವರಿಗೆ ದೇಸಾಯರ ದೊಡ್ಡ ಮನೆ ನೆನಪಾಗುತ್ತದೆ. ಪುಣೆಯಲ್ಲಿ ಆ ಶಬ್ದಕ್ಕೆ ಹರವು ಇನ್ನೂ ಹೆಚ್ಚು. ಬುಧವಾರ ಪೇಟೆ, ರವಿವಾರ ಪೇಟೆಯಂಥ ವ್ಯಾಪಾರದ ಬೀದಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಸಂಸಾರ, ಒಳಗೆ ಚೌಕ ಇರುವ ಕಟ್ಟಡವೂ ವಾಡೆಯೇ. ನಾವು ಪದ್ಯವನ್ನು ಬಿಡಿಸಿ ಓದುವಂತೆ ಇದನ್ನೂ ಬಿಡಿಸಿ ಓದಬಹುದೆಂದು ನನಗನಿಸುತ್ತದೆ.

ಬುಡದಿಂದ ಆರಂಭಿಸೋಣ. ತಳಪಾಯ, ಕಟ್ಟೆ ಎರಡೂ ಕರಿಗಲ್ಲಿನವು. ಪುಣೆಯ ನೆಲದಲ್ಲಿ ಸಿಗುವುದು ಆ ಕಲ್ಲೇ. ನೆಲದ ತೇವ ಗೋಡೆಗೆ ಏರದಂತೆ ಅದು ತಡೆಯುತ್ತದೆ. ಅದರ ಮೇಲೆ ತೆಳ್ಳನೆಯ ಇಟ್ಟಿಗೆ, ಸುಣ್ಣದ ಗಾರೆ ಇಲ್ಲವೆ ಮಣ್ಣು. ನೋಡಿದವರು 'ಇಟ್ಟಿಗೆ ಕಟ್ಟಡ' ಅಂತಾರೆ. ಆದರೆ ಭಾರ ಹೊರುವವರು ಯಾರು? ಬಹುಮಟ್ಟಿಗೆ ಸಾಗವಾನಿಯ ಕಂಬ, ತೊಲೆ, ಜಂತಿ. ಇಟ್ಟಿಗೆ ಅವುಗಳ ನಡುವಿನ ತೆರವನ್ನು ತುಂಬಿ ಬಿಸಿಲು ಮಳೆಗಳನ್ನು ತಡೆಯುತ್ತದೆ, ಅಷ್ಟೆ.

ಅಂಗಡಿಯ ಗುಟ್ಟು ಇಲ್ಲೇ ಇದೆ ನೋಡ್ರಿ. ಭಾರ ಕಂಬದ ಮೇಲಿರುವುದರಿಂದ ಬೀದಿಯ ಕಡೆ ಗೋಡೆಯೇ ಬೇಕಿಲ್ಲ. ಎರಡು ಕಂಬಗಳ ನಡುವೆ ಒಂದು ಅಂಗಡಿ. ರಾತ್ರಿ ಹಲಗೆ ಜೋಡಿಸಿದರಾಯಿತು. ಮನೆಯವರಿಗೆ ಪಕ್ಕದಲ್ಲಿ ಇಕ್ಕಟ್ಟಾದ ದಾರಿ. ಅದು ಚೌಕಕ್ಕೆ ಒಯ್ಯುತ್ತದೆ; ಒಳಮನೆಗೆ ಗಾಳಿ ಬೆಳಕು ಬರುವುದು ಅಲ್ಲಿಂದ. ಮರಾಠಿಯ 'ಓಸರಿ' ನಮ್ಮ ಪಡಸಾಲೆ. ಗೋಡೆಯ ದಪ್ಪದಲ್ಲಿ ಬಿಟ್ಟ 'ಕೋನಾಡಾ' ನಮ್ಮ ಗೂಡು. ವ್ಯಾಪಾರವೂ ಸಂಸಾರವೂ ಒಂದೇ ಸೂರಿನಡಿ ಇದ್ದು, ಒಂದರ ಕಾಲಿಗೆ ಒಂದು ತೊಡಕದಂಥ ಏರ್ಪಾಡು ಇದು.

ಮರವೇ ಅಸ್ಥಿ ಎಂಬುದಕ್ಕೆ ಸಾಕ್ಷಿ ಬೇಕೆ? ಶನಿವಾರ ವಾಡೆಗೆ ಹೋಗಿರಿ. 1732ರ ಆ ಅರಮನೆ 1828ರ ಬೆಂಕಿಯಲ್ಲಿ ಸುಟ್ಟಿತು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆಯ ಕೋಟೆಗೋಡೆ ನಿಂತಿದೆ. ಒಳಗೆ ಉಳಿದದ್ದು ಬರೀ ತಳಪಾಯ.

ಪೇಟೆಯ ವಾಡೆಗಳಿಗೆ ಬೇರೆ ಕಂಟಕಗಳು ಬಂದವು. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದಾಗ ನದಿಯ ಹತ್ತಿರದ ಪೇಟೆಗಳಲ್ಲಿ ಎಷ್ಟೋ ಮಣ್ಣಿನ ಗೋಡೆಗಳು ಕರಗಿಹೋದವು. 1947ರ ಬಾಡಿಗೆ ಕಾಯಿದೆ ಬಾಡಿಗೆದಾರರನ್ನು ಕಾಪಾಡಿತು, ನಿಜ. ಆದರೆ ಹೆಚ್ಚದ ಬಾಡಿಗೆಯಲ್ಲಿ ತೊಲೆ ಬದಲಿಸಲು ಮಾಲೀಕನಿಗೆ ಮನಸ್ಸಾಗಲಿಲ್ಲ. ಹೆಂಚು ಜಾರಿತು, ನೀರಿಳಿಯಿತು, ಜಂತಿ ಕೊಳೆಯಿತು.

ಬುಧವಾರ ಪೇಟೆಯ ಭಿಡೆ ವಾಡೆಯನ್ನೇ ತೆಗೆದುಕೊಳ್ಳಿ. ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಮುಂದೆ ಅದರ ಕೆಳಭಾಗ ಅಂಗಡಿಗಳಿಂದ ತುಂಬಿತ್ತು, ಮೇಲಿನದು ಶಿಥಿಲವಾಗಿತ್ತು. ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದು, ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರಿನಲ್ಲಿ ಅದನ್ನು ಕೆಡವಲಾಯಿತು. ಸ್ಮಾರಕ ಬೇಕೇ ಬೇಕು. ಆದರೆ ಆ ಹುಡುಗಿಯರು ಎಂಥ ಮೆಟ್ಟಿಲು ಹತ್ತಿದರು, ಯಾವ ಬೆಳಕಿನಲ್ಲಿ ಅಕ್ಷರ ತಿದ್ದಿದರು ಎಂಬುದನ್ನು ಹೊಸ ಕಟ್ಟಡ ಹೇಳಲಾರದು.

ಆದುದರಿಂದ ಗೆಳೆಯರಲ್ಲಿ ನನ್ನ ಬಿನ್ನಹ ಇಷ್ಟೆ: ಉಳಿದಿರುವ ವಾಡೆಯೊಂದನ್ನು, ಮನೆಯವರ ಒಪ್ಪಿಗೆ ಪಡೆದು, ಅಳೆದು ಬರೆದುಕೊಳ್ಳಿರಿ. ಎಷ್ಟು ಅಂಕಣ, ಎಷ್ಟು ಕಂಬ, ಯಾವುದಕ್ಕೆ ಏನು ಹೆಸರು? ಮನೆ ಬಿದ್ದ ಮೇಲೆ ಈ ಶಬ್ದಗಳೂ ಬಹಳ ದಿನ ನಿಲ್ಲುವುದಿಲ್ಲ.