ಹಾಯಿದೋಣಿಗೆ ಬ್ಯಾಟರಿ ಮೋಟಾರ್: ಸಂಜೆ ದಡ ಸೇರೋ ಲೆಕ್ಕ

ನೀರಿನ ಡ್ರ್ಯಾಗ್ ವೇಗದ ವರ್ಗದಷ್ಟು ಏರುತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಒಂದು ಸಾಲು ಎಷ್ಟು ದುಬಾರಿ ಅಂತ ನೋಡೋಕೆ ಒಂದು ಪುಟ್ಟ ಹಾಯಿದೋಣಿ ತಗೊಳ್ಳೋಣ. ಜಾಗ, ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆ. ನದಿಯ ಒಳಗಿಂದ ಬೆಳಿಗ್ಗೆ ಹೊರಟು ಕತ್ತಲಾಗುವ ಮೊದಲು ವಾಪಸ್ ಬರಬೇಕು.

ಮಳೆಗಾಲ ಬಿಟ್ಟರೆ ಕರಾವಳಿಯ ಗಾಳಿಗೆ ಒಂದು ಟೈಮ್‌ಟೇಬಲ್ ಇದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತೆ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿಂದ ನೆಲಕ್ಕೆ. ಹೋಗೋಕೂ ಬರೋಕೂ ಹಾಯಿಯೇ ಸಾಕು, ಪುಕ್ಕಟೆ. ಆಗ ಮೋಟಾರನ್ನು ನೀರಿನಿಂದ ಮೇಲೆತ್ತಿಡಬೇಕು, ಇಲ್ಲದಿದ್ರೆ ತಿರುಗದ ಪ್ರೊಪೆಲ್ಲರ್ ಬ್ರೇಕ್ ಥರ ಎಳೆಯುತ್ತೆ. ತಲೆನೋವು ಇರೋದು ಸಂಜೆ, ಗಾಳಿ ಬಿದ್ದುಹೋದಾಗ.

ದೋಣಿ 16 ಅಡಿ ಅಂತ ಇಟ್ಕೊಳ್ಳೋಣ. ಮೋಟಾರ್ 12 ವೋಲ್ಟ್, ಫುಲ್ ಇಟ್ಟರೆ 50 ಆಂಪಿಯರ್, ಅಂದ್ರೆ 600 ವ್ಯಾಟ್. ಅಡುಗೆಮನೆಯ ಮಿಕ್ಸಿಯಷ್ಟೇ! ಬ್ಯಾಟರಿ 100 ಆಂಪಿಯರ್-ಅವರ್‌ನ ಲೆಡ್ ಆಸಿಡ್. ಲೆಕ್ಕಕ್ಕೆ 1200 ವ್ಯಾಟ್-ಅವರ್ ಸಿಗಬೇಕು. ಆದರೆ ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಅದರ ಆಯಸ್ಸು ಮುಗೀತು. ಹಾಗಾಗಿ ನಮ್ಮ ಕೈಯಲ್ಲಿರೋದು 600.

ಫುಲ್ ಸ್ಪೀಡ್ ಗಂಟೆಗೆ 8 ಕಿ.ಮೀ. ಆದ್ರೆ ಒಂದೇ ಗಂಟೆ, 8 ಕಿ.ಮೀ., ಮುಗೀತು. ಈಗ ಸ್ಪೀಡನ್ನು ಅರ್ಧ ಮಾಡಿ. ಡ್ರ್ಯಾಗ್ ವೇಗದ ವರ್ಗ, ಪವರ್ ಅಂದ್ರೆ ಡ್ರ್ಯಾಗ್ ಗುಣಿಸು ವೇಗ, ಹಾಗಾಗಿ ಪವರ್ ವೇಗದ ಘನ. ಎಂಟನೇ ಒಂದು ಭಾಗ, 75 ವ್ಯಾಟ್ ಸಾಕು. ಎಂಟು ಗಂಟೆ, 32 ಕಿ.ಮೀ.! ಅದೇ ಬ್ಯಾಟರಿ. ನಿಜವಾದ ದೋಣಿಯಲ್ಲಿ ಅಂಕಿ ಇಷ್ಟು ನೀಟಾಗಿ ಬರಲ್ಲ. ಈ ಉದ್ದದ ದೋಣಿ ಗಂಟೆಗೆ ಸುಮಾರು 9.5 ಕಿ.ಮೀ. ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆಯನ್ನು ಹತ್ತೋಕೆ ಒದ್ದಾಡುತ್ತೆ, ಅಲ್ಲಿ ಖರ್ಚು ಘನಕ್ಕಿಂತಲೂ ಜಾಸ್ತಿ.

ಹಾಗಾದ್ರೆ ಯಾವಾಗಲೂ ನಿಧಾನ ಹೋದರೆ ಸರಿಯಾ? ಇಲ್ಲ, ಇಲ್ಲೇ ಇರೋದು ಮಜಾ. ವಾಪಸ್ ಬರುವಾಗ ಇಳಿತ ಶುರುವಾಗಿ ನೀರು ಎದುರಿಂದ ಗಂಟೆಗೆ 4 ಕಿ.ಮೀ. ಹರೀತಿದೆ ಅಂದ್ಕೊಳ್ಳಿ. ನಾವು 4ರಲ್ಲಿ ಹೋದ್ರೆ ಎಂಟು ಗಂಟೆ ಮೋಟಾರ್ ಓಡುತ್ತೆ, ದೋಣಿ ನಿಂತಲ್ಲೇ. 8ರಲ್ಲಿ ಹೋದ್ರೆ ದಡದ ಲೆಕ್ಕದಲ್ಲಿ 4 ಕಿ.ಮೀ. 6ರಲ್ಲಿ ಹೋದ್ರೆ ಸುಮಾರು 250 ವ್ಯಾಟ್, ಎರಡು ಗಂಟೆ ಇಪ್ಪತ್ತು ನಿಮಿಷ ಮಿಕ್ಕು, 4.7 ಕಿ.ಮೀ. ಇದೇ ಗರಿಷ್ಠ. ನಂಬಿಕೆ ಇಲ್ಲದವರು ಡಿಫರೆನ್ಷಿಯೇಟ್ ಮಾಡಿ ನೋಡಿ, ಎದುರು ಹರಿವಿನ ಒಂದೂವರೆ ಪಟ್ಟು ಅಂತಲೇ ಉತ್ತರ ಬರುತ್ತೆ. ಮೊದಲ ವರ್ಷದ ಮ್ಯಾಥ್ಸ್ ಎಲ್ಲಿಗೆ ಬೇಕು ಅಂತ ಕೇಳ್ತಿದ್ವಲ್ಲ, ಇಲ್ಲಿಗೆ.

ಮನೆ ಆರು ಕಿ.ಮೀ. ದೂರ ಇದ್ರೆ ಯಾವ ಸ್ಪೀಡೂ ಸಾಲಲ್ಲ. ಆಗ ಲಂಗರು ಹಾಕಿ ಉಬ್ಬರಕ್ಕೆ ಕಾಯಬೇಕು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಅದಕ್ಕೇ ಉಬ್ಬರ-ಇಳಿತದ ವೇಳೆಯನ್ನು ಹೊರಡುವ ಮುಂಚೆ ನೋಡ್ಕೊಳ್ಳಬೇಕು, ಅಳಿವೆಯ ಬಾಯಲ್ಲಿ ನಿಂತು ಅಲ್ಲ. ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡೋದಾದ್ರೆ ಮೋಟಾರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ವೋಲ್ಟೇಜ್ ಅಳೆಯಿರಿ. 12.7 ಅಂದ್ರೆ ಫುಲ್, 12.2ರ ಹತ್ತಿರ ಅಂದ್ರೆ ಅರ್ಧ. ಅಲ್ಲಿಂದ ಮುಂದಕ್ಕೆ ಹುಟ್ಟು ಹಾಕೋದೇ.